ಅಲ್ಲಾಡಬೇಡಿ

ಹೃದಯದ ಸ್ಕ್ಯಾನಿಗೆಂದು ಮಲಗಿದ್ದ ಮೇಷ್ಟ್ರು ಅಲ್ಲಾಡಿಬಿಟ್ಟಿದ್ದರು. ಎದೆಯ ಸುತ್ತ ನಿಧಾನವಾಗಿ ತಿರುಗುತ್ತ ಒಂದೊಂದೇ ಚಿತ್ರ ಹಿಡಿಯುವ ಕ್ಯಾಮೆರಾ ಅರ್ಧ ದಾರಿಗೆ ಬಂದಾಗ, ತಲೆಯ ಮೇಲೆ ಎತ್ತಿಟ್ಟುಕೊಂಡಿದ್ದ ಅವರ ಬಲಗೈ ಜಾರಿತು. ಜೊತೆಗೆ ಮೈಯೂ ಚೂರು ವಾಲಿತು. ಗಾಜಿನ ಈಚೆ ಕೂತಿದ್ದ ಟೆಕ್ನಿಷಿಯನ್ ಹೆಂಗಸು ಚಿತ್ರಗಳನ್ನು ಸಾಲಾಗಿ ಓಡಿಸಿ ನೋಡಿದಳು. ನಡುವೆ ಒಂದು ಕಡೆ ಹೃದಯ ಪಕ್ಕನೆ ಕೆಳಗೆ ಹಾರುತ್ತಿತ್ತು. ಎಲ್ಲವನ್ನೂ ಕೂಡಿಸಿದ ಚಿತ್ರದಲ್ಲಿ ರಕ್ತವೇ ತಲುಪದ ಜಾಗದಂತೆ ಒಂದು ಕಪ್ಪು ಕಲೆ.

ಇದು ಅವಳಿಗೆ ದಿನನಿತ್ಯದ ಕೆಲಸ. ಜಾರಿದ ಚಿತ್ರಗಳನ್ನು ಕಂಪ್ಯೂಟರಿನಲ್ಲೇ ಮೇಲಕ್ಕೆ ಸರಿಸಿ ಸಾಲಿಗೆ ತಂದರೆ, ಕಲೆ ನಿಜದ್ದೋ ಅಲ್ಲಾಡಿದ್ದರಿಂದ ಬಂದದ್ದೋ ಗೊತ್ತಾಗುತ್ತದೆ. ಬೇರೆ ಯಾರೇ ಆಗಿದ್ದರೂ ಅಷ್ಟು ಮಾಡಿ ಮನೆಗೆ ಕಳಿಸುತ್ತಿದ್ದಳು. ಈಗ ಎದ್ದು ಒಳಗೆ ಹೋದಳು.

"ಅಲ್ಲಾಡಿದ್ರಿ. ಮತ್ತೆ ಮೊದಲಿಂದ ಮಾಡ್ಬೇಕು."

"ಭುಜ ಹಿಡ್ಕೊಂಡುಬಿಡ್ತಮ್ಮ," ಎಂದು ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡರು. ಆಮೇಲೆ ತಾವೇ ನಕ್ಕರು. "ನಾನು ಮೇಷ್ಟ್ರಾಗಿದ್ದವನು. ನನ್ನ ಕ್ಲಾಸಲ್ಲಿ ಒಂದು ಹುಳಾನೂ ಮಿಸುಕಾಡ್ತಿರಲಿಲ್ಲ. ಈಗ ನೋಡಿ, ನನ್ನ ಕೈ ನನ್ನ ಮಾತೇ ಕೇಳಲ್ಲ."

"ಗೊತ್ತು," ಎಂದಳು. ಏನು ಗೊತ್ತು ಎಂದು ಅವರು ಕೇಳಲಿಲ್ಲ.

ಶಾಲೆಯಲ್ಲಿದ್ದಾಗ ಬೋರ್ಡಿನ ಮೇಲಿನ ಲೆಕ್ಕ ಅವಳಿಗೆ ಕಾಣುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿ, ಮೂರನ್ನು ಎಂಟು ಎಂದು ಬರೆದುಕೊಳ್ಳುತ್ತಿದ್ದಳು. ಇದೇ ಮೇಷ್ಟ್ರು ಅದನ್ನು ಉಡಾಫೆ ಎಂದರು. ಎರಡೂ ಕೈ ಮೇಲೆತ್ತಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಕೈ ಇಳಿದರೆ ಇನ್ನೊಂದು ಪೀರಿಯಡ್. 'ಕುರುಡು ಕೋಳಿ' ಎಂದು ಅವರಿಟ್ಟ ಹೆಸರು ಶಾಲೆಯಿಡೀ ಹಬ್ಬಿತು. ತಂಗಿ ಅಲ್ಲಿಗೆ ಸೇರಿದಾಗ ಅವಳಿಗೂ ಅಂಟಿತು. ಅಕ್ಕ ಹಲ್ಲುಕಚ್ಚಿ ಓದಿದಳು. ತಂಗಿ ಶಾಲೆಯನ್ನೇ ಬಿಟ್ಟಳು, ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮೇಷ್ಟ್ರ ಕೈಗಳನ್ನು ಅವಳೇ ಹಿಡಿದು ತಲೆಯ ಮೇಲಕ್ಕೆ ಎತ್ತಿಟ್ಟಳು. ತೋಳಿನ ಕೆಳಗೆ ಆಸರೆಗೆ ದಿಂಬು ಕೊಡಬಹುದಿತ್ತು. ಕೊಡಲಿಲ್ಲ.

"ಈ ಸಲ ಅಲ್ಲಾಡಿದ್ರೆ ಇನ್ನೊಂದ್ಸಲ ಮಾಡ್ಬೇಕಾಗತ್ತೆ."

"ಇಲ್ಲಮ್ಮ, ಇಲ್ಲ. ಅಲ್ಲಾಡಲ್ಲ."

ಅಲ್ಲಾಡಲಿಲ್ಲ. ಕ್ಯಾಮೆರಾ ಸುತ್ತು ಮುಗಿಸುವ ತನಕ ಮೇಷ್ಟ್ರು ಕಲ್ಲಿನ ಹಾಗೆ ಮಲಗಿದ್ದರು. ಅಷ್ಟು ಹೊತ್ತು ಸುಮ್ಮನೆ ಕೂರಲಾಗದೆ, ಅವಳು ಮೊದಲ ಸಲದ ಚಿತ್ರಗಳನ್ನು ಸರಿಪಡಿಸಿಟ್ಟಳು. ಡಾಕ್ಟರು ಬಂದು ಅವಳ ಬೆನ್ನ ಹಿಂದೆ ನಿಂತು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

"ಎರಡೂ ಒಂದೇ ಇದೆಯಲ್ರೀ. ಸುಮ್ನೆ ಯಾಕೆ ಎರಡನೇ ಸಲ ಮಾಡಿಸಿದ್ರಿ ಪಾಪ?"

"ಖಾತ್ರಿ ಆಗ್ಲಿ ಅಂತ, ಸರ್."

"ಹೃದಯ ಚೆನ್ನಾಗಿದೆ. ಏನೂ ತೊಂದರೆ ಇಲ್ಲ ಅಂತ ಹೇಳಿ ಕಳಿಸಿ," ಎಂದು ಅವರು ಹೊರಟುಹೋದರು.

ಅವಳು ಚಿತ್ರವನ್ನು ದೊಡ್ಡದು ಮಾಡಿ, ತಿರುಗಿಸಿ, ಇನ್ನೊಮ್ಮೆ ನೋಡಿದಳು. ಎಷ್ಟು ಹುಡುಕಿದರೂ ಕಲೆ ಸಿಗಲಿಲ್ಲ. ಆಮೇಲೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಹಾಕಿಕೊಂಡು, ಗಾಜಿನಾಚೆ ನೋಡಿದಳು. ಯಂತ್ರ ಆಗಲೇ ಸುಮ್ಮನಾಗಿ ಹಿಂದಕ್ಕೆ ಸರಿದಿತ್ತು. ಮುಗಿಯಿತು ಎಂದು ಅವಳು ಹೇಳಿರಲಿಲ್ಲ. ಮೇಷ್ಟ್ರ ಕೈಗಳು ಇನ್ನೂ ಮೇಲೆಯೇ ಇದ್ದವು.

ಒಳಗೆ ಹೋದಳು. ಅವರು ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಒರೆಸಿಕೊಳ್ಳಲಾಗದ ನೀರು ಕಣ್ಣಂಚಿನಿಂದ ಕಿವಿಗೆ ಇಳಿದಿತ್ತು. ಹೆಜ್ಜೆಯ ಸದ್ದು ಕೇಳಿ, ಕಣ್ಣು ತೆರೆಯದೆ, ತುಟಿಯನ್ನಷ್ಟೇ ಅಲ್ಲಾಡಿಸಿ ಕೇಳಿದರು:

"ಇಳಿಸ್ಬಹುದಾ, ಮೇಡಂ?"

ಅವಳು ಅವರ ಮುಖವನ್ನೇ ನೋಡುತ್ತ ನಿಂತಳು.

"ಇನ್ನೊಂಚೂರು ಹೊತ್ತು," ಎಂದಳು.