ಹದಿನಾಲ್ಕನೆಯ ಮಗ್ಗ

ಕ್ಲೇಮು ಇತ್ಯರ್ಥವಾಗುವವರೆಗೆ ಗಾಯ ಮಾಯದಂತೆ ವಿಮಾ ಕಚೇರಿಯವರು ಸೂಜಿ ಚುಚ್ಚುವುದು ಎಲ್ಲ ಕಾರ್ಖಾನೆಗಳಲ್ಲೂ ಇದ್ದದ್ದೇ. ಪವರ್‌ಲೂಮ್ ನೇಕಾರಳಾದ ಕಾಶವ್ವನ ಬಲಗೈ ಬೆರಳಿನ ಗಾಯಕ್ಕೆ ಹನ್ನೊಂದು ತಿಂಗಳಾಗಿತ್ತು. ಇವತ್ತೂ ರಕ್ತದ ಬಟ್ಟೆ ಒಗೆದು, ಎಡಗೈಯಲ್ಲೇ ರೊಟ್ಟಿ ಬಡಿದು ಕಚೇರಿಗೆ ಬಂದಿದ್ದಳು.

"ನಾ ತಡಾ ಮಾಡಿಲ್ರೀ ಸಾಹೇಬ್ರ. ಮಗ್ಗದಾಗ ಬೆರಳು ಸಿಕ್ಕ ಅರ್ಧ ತಾಸಿನಾಗ ಅರ್ಜಿ ಕೊಟ್ಟೀನಿ."

"ಗಡಿಬಿಡಿಯಾಗ ಹದಿನಾಲ್ಕನೇ ಮಗ್ಗ ಅಂತ ಬರ್ದಿಯಲ್ಲವ್ವಾ," ಎಂದ ಗುಮಾಸ್ತ. "ಗಾಯದಾಗ ಹಸಿರು ನೂಲು ಐತಿ. ಅದು ಒಂಬತ್ತನೇ ಮಗ್ಗದ್ದು."

ಹದಿನಾಲ್ಕು ಕಾಶವ್ವನದೇ ಮಗ್ಗ. ಅವತ್ತು ಒಂಬತ್ತನೆಯ ಮಗ್ಗದ ನೀಲವ್ವ ಬಸುರಿ ಮಗಳ ಕುಬಸಕ್ಕೆ ಹೋಗಿದ್ದಳು. ಒಬ್ಬರ ಮಗ್ಗವನ್ನು ಇನ್ನೊಬ್ಬರು ಓಡಿಸಿಕೊಡುವುದು ಶೆಡ್ಡಿನ ರೂಢಿ. ಬೆರಳು ಸಿಕ್ಕಿದ್ದು ಅಲ್ಲಿ. ಬರೆಯುವಾಗ ಮಾತ್ರ ಕೈಗೆ ತನ್ನ ನಂಬರೇ ಬಂದುಬಿಟ್ಟಿತ್ತು.

"ಹಂಗಾದ್ರ ತಿದ್ದಿ ಕೊಡ್ತೀನ್ರಿ."

"ಅರ್ಜಿ ತಿದ್ದಾಕ ಬರೂದಿಲ್ಲವ್ವಾ." ಗುಮಾಸ್ತ ಕನಿಕರದಿಂದಲೇ ಹೇಳಿದ. "ಗಾಯ ತಿದ್ದಬಹುದು."

ಮಧ್ಯಾಹ್ನ ಅವಳು ಹದಿನಾಲ್ಕನೆಯ ಮಗ್ಗ ಚಾಲೂ ಮಾಡಿದಳು. ಹಳದಿ ನೂಲು ಓಡತೊಡಗಿತು. ನೀಲವ್ವನನ್ನು ಹತ್ತಿರ ಕರೆದು, ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು, ಬೆರಳಿನ ಬಟ್ಟೆ ಬಿಚ್ಚಿದಳು.

"ಕಣ್ಣು ಮುಚ್ಚಬ್ಯಾಡ ನೀಲವ್ವಾ. ಈ ಸಲ ಸಾಕ್ಷಿ ಸಹಿ ನಿಂದು."