ಮೊದಲು ಅಣ್ಣನಿಗೆ

ನಾಯಿ ಕಚ್ಚಿದ ಕಾಲನ್ನು ಮಡಚಿಕೊಂಡು ತಂಗಿ ಆಸ್ಪತ್ರೆಯ ಮಂಚದಡಿ ಹೊಕ್ಕು ಕುಳಿತಿದ್ದಳು. ಹೊರಗೆಳೆಯಲು ಹೋದ ಅಣ್ಣನ ಕೈಯನ್ನು ಎರಡು ಸಲ ಪರಚಿದ್ದಳು.

"ಗಾಯ ತೊಳೆದಿದ್ದು ಸಾಲಲ್ಲ ಪುಟ್ಟಿ, ಲಸಿಕೆ ಚುಚ್ಚಲೇಬೇಕು," ಅಲ್ಲೇ ನರ್ಸ್ ಆಗಿದ್ದ ಚಿಕ್ಕಮ್ಮ ನೆಲಕ್ಕೆ ಮಂಡಿಯೂರಿ ರಮಿಸಿದಳು.

"ಬೇಡ! ಅದರೊಳಗೆ ಏನೋ ಸೇರಿಸಿರ್ತಾರೆ. ಆಮೇಲೆ ನಾವು ಅವರು ಕುಣಿಸಿದ ಹಾಗೆ ಕುಣೀಬೇಕಂತೆ."

"ಯಾವ ಮಹಾನುಭಾವ ಹೇಳಿದ್ದು?"

"ಅಣ್ಣ. ವಿಡಿಯೋನೂ ತೋರಿಸಿದ್ದ."

ಚಿಕ್ಕಮ್ಮ ಅವನತ್ತ ತಿರುಗಲೂ ಇಲ್ಲ. ಅದರ ಬದಲು ಎರಡು ಬಿಗಿದಿದ್ದರೇ ವಾಸಿಯಿತ್ತು. ಶಾಲೆಗೆ ಲಸಿಕೆಯವರು ಬಂದ ದಿನ ಹಿಂದಿನ ಗೋಡೆ ಹಾರಿ ಮನೆ ಸೇರಿದವನು, ಮೊಬೈಲ್ ಹಿಡಿದು ದೊಡ್ಡ ವಿಜ್ಞಾನಿಯ ಹಾಗೆ ಭಾಷಣ ಬಿಗಿದಿದ್ದ. ಅಮ್ಮ ನಡುವೆಯೇ ಎದ್ದು ಹೋಗಿದ್ದಳು. ಕಣ್ಣರಳಿಸಿ ಕೊನೆತನಕ ಕೇಳಿದ್ದು ಇವಳೊಬ್ಬಳೇ.

ಚಿಕ್ಕಮ್ಮ ಎದ್ದು ಬಂದು ಅವನ ಕಿವಿಯಲ್ಲಿ ಉಸುರಿದಳು: "ಆ ನಾಯಿ ಜೊಲ್ಲು ಸುರಿಸ್ಕೊಂಡು ಸತ್ತು ಬಿದ್ದಿದೆಯಂತೆ. ಹುಚ್ಚು ತಲೆಗೇರಿದ ಮೇಲೆ ಇದಕ್ಕೆ ಮದ್ದಿಲ್ಲ ಕಣೋ. ನನ್ನ ಮಾತು ಅವಳು ಕೇಳಲ್ಲ. ನೀನೇ ಹೇಳು."

ಅವನು ನೆಲಕ್ಕೆ ಕೆನ್ನೆಯಿಟ್ಟು ಮಂಚದಡಿ ಇಣುಕಿದ.

"ಅದೆಲ್ಲ ಸುಳ್ಳು ಕಣೇ. ಬಾ ಈಚೆ."

"ಆವತ್ತು ನಿಜ, ಆಣೆ ಅಂದೆ."

"ಆವತ್ತು ಸುಮ್ನೆ ಅಂದಿದ್ದು."

"ಈಗ್ಲೂ ಸುಮ್ನೆ ಅಂತಿದೀಯ. ಏನೂ ಆಗಲ್ಲ ಅಂದ್ರೆ ಮೊದಲು ನೀನು ಚುಚ್ಚಿಸ್ಕೋ!"

ಚಿಕ್ಕಮ್ಮ ಸದ್ದಿಲ್ಲದೆ ಫ್ರಿಜ್ಜಿನ ಬಾಗಿಲು ತೆರೆದಳು. "ಶಾಲೆಯಲ್ಲಿ ತಪ್ಪಿಸ್ಕೊಂಡ್ಯಲ್ಲ, ಅದೇ ಲಸಿಕೆ ಇದೆ. ತೋಳು ಮೇಲೇರಿಸು."

ಅವನು ತೋಳು ಮೇಲೇರಿಸಿದ. ಸ್ಪಿರಿಟಿನ ಹತ್ತಿ ತಣ್ಣಗೆ ತಾಗಿದ್ದೇ ತಡ, ತೋಳನ್ನು ಥಟ್ಟನೆ ಹಿಂದಕ್ಕೆಳೆದು ಮತ್ತೆ ಚಾಚಿದ. ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಸೂಜಿ ಕಂಡವನೇ ಕಣ್ಣು ಬಿಗಿಯಾಗಿ ಮುಚ್ಚಿ, ಗೋಡೆಗೆ ಅಂಟಿಕೊಂಡ.

"ಉಸಿರು ಬಿಡೋ ಮಾರಾಯ, ಮುಗೀತು," ಎಂದಳು ಚಿಕ್ಕಮ್ಮ.

ಕಣ್ಣು ಬಿಟ್ಟಾಗ ಎದುರಿಗೆ ತಂಗಿ, ಮಂಡಿಯ ಮೇಲೆಲ್ಲ ಧೂಳು ಮೆತ್ತಿಕೊಂಡು ನಿಂತಿದ್ದಳು. ಬಿಳುಚಿಕೊಂಡ ಅವನ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು.

"ಸೂಜಿ ಅಂದ್ರೆ ಭಯ ಅಂತ ಆವತ್ತೇ ಹೇಳೋಕೇನಾಗಿತ್ತು ನಿಂಗೆ?" ಎಂದವಳೇ, ತನ್ನ ತೋಳನ್ನು ಚಿಕ್ಕಮ್ಮನ ಮುಂದೆ ಚಾಚಿದಳು.