ಖಾಲಿ ತೋಟಾ

ಧಣಿಯ ರಿವಾಲ್ವರಿಗೆ ಎಣ್ಣೆ ಹಾಕಿ, ತೋಟಾ ತುಂಬಿಡುವುದು ಮೊದಲಿನಿಂದಲೂ ಶಿವನಂಜನ ಕೆಲಸ. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

"ಪಿಸ್ತೂಲು ಹೊಡೆದ ಮೇಲೆ ಖಾಲಿ ತೋಟಾನ ಅಲ್ಲೇ ಉಗಿದುಬಿಡ್ತದೆ ಕಣ್ಲಾ. ರಿವಾಲ್ವರ್ ಹೊಟ್ಟೆಯೊಳಗೇ ಇಟ್ಕೊತದೆ, ನಿನ್ನಂಗೆ," ಎಂದು ಧಣಿ ಹೇಳಿದಾಗಲೆಲ್ಲ ಅವನ ಎದೆ ಉಬ್ಬುತ್ತಿತ್ತು.

ಅಂಥವರು ಒಂದು ಸಂಜೆ, ತಮ್ಮ ಪಾಲುದಾರನ ಮನೆಗೆ ಹೊರಡುವ ಮೊದಲು, ಹೊಸ ಪಿಸ್ತೂಲೊಂದನ್ನು ಶಿವನಂಜನ ಕೈಗಿತ್ತರು.

"ಇದ್ಯಾಕೆ ಬುದ್ಧಿ? ರಿವಾಲ್ವರ್ ಬ್ಯಾಡ್ವಾ?"

"ಕಾಲ ಬದಲಾಯ್ತಲ್ಲ. ನೀನೇ ತುಂಬ್ಲಾ, ನಿನ್ ಕೈಗುಣ ಒಳ್ಳೇದು."

ಶಿವನಂಜ ಒಂದೊಂದು ತೋಟಾವನ್ನೂ ಒರೆಸಿ, ಹೆಬ್ಬೆರಳಿನಿಂದ ಒತ್ತಿ ತುಂಬಿಕೊಟ್ಟ.

ಬೆಳಿಗ್ಗೆ ಪಾಲುದಾರ ಹೆಣವಾಗಿದ್ದ. ಪೊಲೀಸರು ಬಂದು ಎಲ್ಲರ ಬೆರಳಚ್ಚು ತೆಗೆದುಕೊಂಡು ಹೋದರು. "ನಮ್ ಬುದ್ಧಿಯೋರು ನಿನ್ನೆ ಹೊಸ್ತಿಲು ದಾಟಿಲ್ಲ," ಎಂದು ಶಿವನಂಜ ಮಕ್ಕಳ ಮೇಲೆ ಆಣೆಯಿಟ್ಟ.

ವಾರ ಕಳೆದು ಇನ್ಸ್‌ಪೆಕ್ಟರ್ ಮತ್ತೆ ಬಂದಾಗ, ಧಣಿ ಜಗಲಿಯಲ್ಲಿ ಕೂತು ರಿವಾಲ್ವರಿಗೆ ತಾವೇ ಎಣ್ಣೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ಬುದ್ಧಿಯೋರ ತಪ್ಪೇನೂ ಇಲ್ಲ ಸ್ವಾಮಿ," ಎಂದು ಶಿವನಂಜ ಅಡ್ಡ ನಿಂತ.

"ಗೊತ್ತು ಕಣಯ್ಯ. ಹೆಣದ ಪಕ್ಕ ಬಿದ್ದಿದ್ದ ಖಾಲಿ ತೋಟಾಗಳ ಮೇಲೆ ಇರೋದು ನಿನ್ನ ಬೆರಳಚ್ಚು. ನಡಿ."